ಬಿ.ಇ. ಹಂತದಲ್ಲೇ ಅಲ್ಗಾರಿದಮ್ ಸಂಶೋಧನೆ: ಒಂದು ಪ್ರತಿಕ್ರಿಯೆ

ಖಾಸಗಿ ಕಾಲೇಜಿನಲ್ಲಿ ಮೂರನೆಯ ವರ್ಷದ ಬಿ.ಇ. ಓದುತ್ತಿರುವ ತಮಗೆ ಅಲ್ಗಾರಿದಮ್ ಮತ್ತು ಮಷೀನ್ ಲರ್ನಿಂಗ್ ಸಂಶೋಧನೆಗೆ ಬೆಂಗಳೂರಿನಲ್ಲೇ ಅವಕಾಶವಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ. ಸದಾಶಿವನಗರದ ಭಾರತೀಯ ವಿಜ್ಞಾನ ಅಕಾಡೆಮಿಯು ದೆಹಲಿ ಮತ್ತು ಪ್ರಯಾಗರಾಜದ ಅಕಾಡೆಮಿಗಳೊಡನೆ ನಡೆಸಿಕೊಂಡು ಬಂದಿರುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಅನ್ನು ಮೊದಲು ಗಮನಿಸಿ. ಅದಕ್ಕೆ ಅಧ್ಯಾಪಕರ ಶಿಫಾರಸು ಪತ್ರ ಬೇಕಾಗುವುದರಿಂದ, ತಮ್ಮ ಕೆಲಸವನ್ನು ನಿಜವಾಗಿ ಬಲ್ಲ ಒಬ್ಬರನ್ನು ಈಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಕಂಪ್ಯೂಟರ್ ಸೈನ್ಸ್ ಅಂಡ್ ಆಟೊಮೇಷನ್ ವಿಭಾಗದ ಪ್ರಾಧ್ಯಾಪಕರಿಗೆ ನೇರವಾಗಿಯೂ ಬರೆಯಬಹುದು. ಆದರೆ ‘ರೆಸ್ಪೆಕ್ಟೆಡ್ ಸರ್’ ಎಂದು ಆರಂಭವಾಗುವ ಒಂದೇ ಮೇಲ್ ಅನ್ನು ಎಲ್ಲರಿಗೂ ಕಳುಹಿಸಬೇಡಿ (ಅವರಲ್ಲಿ ಮೇಡಂಗಳೂ ಇದ್ದಾರೆ). ಅವರ ಒಂದು ಪ್ರಬಂಧವನ್ನು ಪೆನ್ಸಿಲ್ ಹಿಡಿದು ಓದಿ, ‘ಇಲ್ಲಿ ಹಾಫ್ಡಿಂಗ್ ಅಸಮಾನತೆಯನ್ನು ಬಳಸಿದ್ದೀರಿ, ಈ ಚಲಕಗಳು ಪರಸ್ಪರ ಸ್ವತಂತ್ರ ಹೇಗೆಂಬುದು ನನಗೆ ತಿಳಿಯಲಿಲ್ಲ’ (ಸ್ವತಂತ್ರ ಚಲಕಗಳ ಮೊತ್ತ ತನ್ನ ನಿರೀಕ್ಷಿತ ಬೆಲೆಯಿಂದ ದೂರ ಸರಿಯುವ ಸಂಭವಕ್ಕೆ ಮಿತಿ ಹಾಕುವ ಸೂತ್ರವದು) ಎಂಬಂಥ ಒಂದು ನಿರ್ದಿಷ್ಟ ಪ್ರಶ್ನೆ ಕೇಳಿದರೆ, ಹತ್ತು ಸರ್ಟಿಫಿಕೇಟುಗಳಿಗಿಂತ ಅದಕ್ಕೇ ಹೆಚ್ಚು ತೂಕವೆಂದು ನನ್ನ ಅಭಿಪ್ರಾಯ.

ಪದವಿಯ ನಂತರವಾದರೆ ಗೇಟ್ ಪ್ರವೇಶ ಪರೀಕ್ಷೆಯ ಮೂಲಕ ಐಐಎಸ್‌ಸಿಯಲ್ಲೇ ಎಂ.ಟೆಕ್. ರಿಸರ್ಚ್ ಇದೆ, ಪಿಎಚ್.ಡಿ.ಗೆ ಮುನ್ನ ಅನುಭವ ಬೇಕೆನ್ನುವವರಿಗೆ ನಗರದ ಮೈಕ್ರೋಸಾಫ್ಟ್ ರಿಸರ್ಚ್‌ನ ರಿಸರ್ಚ್ ಫೆಲೋ ಹುದ್ದೆಗಳೂ ಇವೆ, ಪೈಪೋಟಿ ಮಾತ್ರ ಜೋರು. ಅಲ್ಲಿಯವರೆಗೆ ಸಂಭವನೀಯತೆ ಮತ್ತು ಲೀನಿಯರ್ ಆಲ್ಜೀಬ್ರಾವನ್ನು ಎನ್‌ಪಿಟಿಇಎಲ್‌ನ (ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಆನ್‌ಲೈನ್ ಪಾಠಮಾಲೆ) ಪಾಠಗಳಿಂದ ಗಟ್ಟಿ ಮಾಡಿಕೊಳ್ಳಿ.