ಮೂರು ಗಂಟೆಯ ಅಳು

ಪ್ರಶ್ನೆ: ಕಳೆದ ಏಪ್ರಿಲ್‌ನಲ್ಲಿ ಬೆಳಗಿನ 4 ಗಂಟೆಗೇ ಮಡಿಕೇರಿ ಬಿಟ್ಟು ಬಯಲುಸೀಮೆಯ ಒಂದು ಥೀಮ್ ಪಾರ್ಕಿಗೆ ಹೋಗಿದ್ದೆವು. ಮಧ್ಯಾಹ್ನ 3ರ ಹೊತ್ತಿಗೆ ನಾಲ್ಕು ವರ್ಷದ ಮಗ ಸಾಲಿನಲ್ಲೇ ನೆಲಕ್ಕೆ ಬಿದ್ದು ಹೊರಳಾಡಿ ಅತ್ತ. ಅವನನ್ನು ಸಮಾಧಾನಪಡಿಸುವುದರಲ್ಲೇ ಹೊತ್ತು ಕಳೆದು, ಆಟಗಳು ತಪ್ಪಿದವೆಂದು ಒಂಬತ್ತು ವರ್ಷದ ಮಗಳು ಮುನಿಸಿಕೊಂಡಳು. ಈ ರಜೆಯಲ್ಲಿ ಅತ್ತೆಯವರನ್ನೂ ಕರೆದುಕೊಂಡು ಬಿಡದಿಯ ವಂಡರ್‌ಲಾಗೆ ಹೋಗುವ ಯೋಚನೆಯಿದೆ. ಮಕ್ಕಳಿಗೆ ಯಾವಾಗ, ಹೇಗೆ ವಿಶ್ರಾಂತಿ ಕೊಡಬೇಕು?
– ಒಬ್ಬ ತಾಯಿ, ಮಡಿಕೇರಿ

ಉತ್ತರ: ನಿಮ್ಮ ಮಗನ ಮಧ್ಯಾಹ್ನ ಮೂರರ ಅಳು ಶುರುವಾದದ್ದು ಬೆಳಗಿನ ನಾಲ್ಕಕ್ಕೆ. 3ರಿಂದ 5 ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಅದರಲ್ಲಿ ಎರಡು ಮೂರು ಗಂಟೆಯನ್ನು ನಸುಕಿನಲ್ಲೇ ಕಸಿದುಕೊಂಡು, ಗಂಟೆಗಟ್ಟಲೆ ಗಾಡಿಯಲ್ಲಿ ಕೂರಿಸಿ, ಮಡಿಕೇರಿಯ ತಂಪಿಗೆ ಒಗ್ಗಿದ ಮೈಯನ್ನು ಏಪ್ರಿಲ್‌ನ ಬಿಸಿಲಿಗೆ ಒಡ್ಡಿದ ಮೇಲೆ ಮಗು ಹಟ ಮಾಡದಿದ್ದರೇ ಆಶ್ಚರ್ಯ. ಸಾಧ್ಯವಾದರೆ ಹಿಂದಿನ ದಿನವೇ ಇಳಿದು ಮೈಸೂರಿನಲ್ಲಿ ರಾತ್ರಿ ತಂಗಿರಿ.

ಪಾರ್ಕಿನೊಳಗೆ, ಮಗು 'ಸುಸ್ತಾಯಿತು' ಎನ್ನುವವರೆಗೆ ಕಾಯಬೇಡಿ. ಆಟದ ಗುಂಗಿನಲ್ಲಿರುವ ಮಗುವಿಗೆ ದಣಿವಾಗಲಿ ಬಾಯಾರಿಕೆಯಾಗಲಿ ಗೊತ್ತಾಗುವುದೇ ತಡವಾಗಿ. ಗಂಟೆಗೊಮ್ಮೆ ನೆರಳಿನಲ್ಲಿ ಹತ್ತು ನಿಮಿಷ ಕೂರಿಸಿ ನೀರು ಕುಡಿಸಿ. ಚೆನ್ನಾಗಿ ಬೆವರಿದ್ದರೆ ಉಪ್ಪು, ಸಕ್ಕರೆ ಬೆರೆಸಿದ ನಿಂಬೆ ಪಾನಕ ಒಳ್ಳೆಯದು. ದೊಡ್ಡ ವಿಶ್ರಾಂತಿಗೆ ಊಟ ಮುಗಿದ ಮೇಲಿನ ಒಂದೂವರೆ ಗಂಟೆಯನ್ನು ಮೀಸಲಿಡಿ. ಬಿಸಿಲು ಸುಡುವ ಹೊತ್ತೂ ಅದೇ, ಹೊಟ್ಟೆ ತುಂಬಿದ ಕೂಡಲೇ ತಿರುಗುವ ಆಟ ಹತ್ತಿಸಿದರೆ ವಾಂತಿಯಾಗುವ ಹೊತ್ತೂ ಅದೇ. ನೀರಿನಾಟದ ಒದ್ದೆ ಬಟ್ಟೆಯನ್ನು ಒಳಚಡ್ಡಿಯವರೆಗೂ ಬದಲಿಸಿ, ತಲೆ ಒರೆಸಿ, ಧ್ವನಿವರ್ಧಕದಿಂದ ದೂರದಲ್ಲಿ ಹಳೆಯ ಹತ್ತಿ ಸೀರೆಯೊಂದನ್ನು ಹಾಸಿ ಮಲಗಿಸಿ. ಮನೆಯಲ್ಲಿ ಬಳಸಿದ ಸೀರೆಯಾದರೆ ಅದರ ವಾಸನೆಗೇ ಮಕ್ಕಳು ಬೇಗ ನಿದ್ದೆ ಹೋಗುವುದನ್ನು ನೋಡಿದ್ದೇನೆ. ನಿದ್ದೆ ಬಾರದಿದ್ದರೂ ಚಿಂತೆಯಿಲ್ಲ, ಸುಮ್ಮನೆ ಮಲಗಿರಲಿ. ಆದರೆ ಕೈಗೆ ಮೊಬೈಲ್ ಕೊಟ್ಟರೆ ಅದು ವಿಶ್ರಾಂತಿಯಾಗುವುದಿಲ್ಲ.

ಮಗಳ ಮುನಿಸಿಗೂ ಮದ್ದು ಇಲ್ಲಿಯೇ ಇದೆ. ಎತ್ತರದ ಮಿತಿಯಿಂದಾಗಿ ತಮ್ಮನಿಗೆ ಪ್ರವೇಶವಿಲ್ಲದ ಆಟಗಳಿಗೆಲ್ಲ ಅವನು ಮಲಗಿದ ಹೊತ್ತಿನಲ್ಲೇ ಅವಳನ್ನು ಅಪ್ಪನ ಜೊತೆ ಕಳಿಸಿ. ಆದರೆ ಊಟವಾದ ಮೇಲಿನ ಮೊದಲ ಅರ್ಧ ಗಂಟೆ ಅವಳೂ ಕೂರಬೇಕೆಂಬುದನ್ನು ಹೊರಡುವ ಮೊದಲೇ ಒಪ್ಪಿಸಿಕೊಳ್ಳಿ. ಅತ್ತೆಯವರು ಮಗುವಿನ ಬಳಿ ಕೂರಬಹುದು, ಆದರೆ ದಿನವಿಡೀ ಚೀಲ ಕಾಯುವ ಕೆಲಸ ಅವರದ್ದಾಗದಿರಲಿ. ಇನ್ನು ಟಿಕೆಟ್ಟಿನ ದುಡ್ಡು ವಸೂಲಾಗಬೇಕೆಂಬ ಲೆಕ್ಕ ಸಾಮಾನ್ಯವಾಗಿ ಮಕ್ಕಳದ್ದಲ್ಲ, ನಮ್ಮದು.

ಒಂದು ಎಚ್ಚರಿಕೆ. ಮಗು ಮಂಕಾಗಿ ಮೈ ಸುಡುತ್ತಿದ್ದರೆ, ಪದೇ ಪದೇ ವಾಂತಿ ಮಾಡಿದರೆ ಅಥವಾ ಗಂಟೆಗಟ್ಟಲೆ ಮೂತ್ರ ಮಾಡದಿದ್ದರೆ ಅದು ಬರಿಯ ದಣಿವಲ್ಲ; ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಾ ತಕ್ಷಣ ಪ್ರಥಮ ಚಿಕಿತ್ಸಾ ಕೇಂದ್ರಕ್ಕೆ ಒಯ್ಯಿರಿ.

ಅದೇ ರಾತ್ರಿ ಮರಳುವುದಾದರೆ ಊಟವನ್ನು ಮೈಸೂರಿನಲ್ಲೇ ಮುಗಿಸಿ. ಕುಶಾಲನಗರದಲ್ಲಿ ಹೊಟ್ಟೆ ತುಂಬ ಉಣ್ಣಿಸಿದರೆ, ಆನೆಕಾಡು ದಾಟಿ ಮೇಲೇರುವ ತಿರುವುಗಳಲ್ಲಿ ಅದು ಹೊಟ್ಟೆಯಲ್ಲಿ ಉಳಿಯುವುದು ಕಷ್ಟ.