ಫಾರ್ಮುಲಾ ಗುಟ್ಟಾಗಿರಲಿ, ಬಿಲ್ ಯಾಕೆ ಗುಟ್ಟು?

ನಿಮ್ಮ ಪತ್ರ ಎರಡು ಸಲ ಓದ್ದೆ, ಸಿಟ್ಟಲ್ಲೇ ಬರೆದಿದ್ದೀರಿ, ಇರಲಿ. ಸರ್ಕಾರದ ದುಡ್ಡಲ್ಲಿ ತಯಾರಾಗೋ ಲಸಿಕೆಗಳ ಒಪ್ಪಂದ ಪೂರ್ತಿ ಬಹಿರಂಗ ಆಗ್ಬೇಕು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ವಿ. ಕಂಪನಿಗಳ ಗುಟ್ಟೆಲ್ಲ ಬೀದಿಗೆ ತಂದ್ರೆ ಮುಂದಿನ ಸಲ ಸರ್ಕಾರದ ಜೊತೆ ಯಾರು ಬರ್ತಾರೆ, ಆಮೇಲೆ ಸಾಯೋದು ಜನ ತಾನೆ ಅಂತ ನೀವು ಕೇಳಿದ್ದೀರಿ. ಕೊನೇಲಿ ಒಂದು ಕುಟುಕು ಬೇರೆ, ನಿಮ್ಮ ಪತ್ರಿಕೆ ತನ್ನ ಪ್ರಿಂಟಿಂಗ್ ರೇಟು ಹಾಕುತ್ತಾ ಅಂತ.

ಮೊದಲು ತಪ್ಪೊಪ್ಪಿಕೊಳ್ತೀನಿ. 'ಪೂರ್ತಿ' ಅನ್ನೋ ಪದ ಸೇರಿಸಿದ್ದು ನಾನೇ, ಅದು ಜಾಸ್ತಿ ಆಯ್ತು. ಜೀವಕೋಶಗಳನ್ನ ಯಾವ ಹದದಲ್ಲಿ ಬೆಳೆಸ್ತಾರೆ, ಹೇಗೆ ಶುದ್ಧ ಮಾಡ್ತಾರೆ, ಒಂದು ಬ್ಯಾಚಲ್ಲಿ ಎಷ್ಟು ಇಳುವರಿ ಬರುತ್ತೆ, ಇವೆಲ್ಲ ನಿಜವಾದ ವ್ಯಾಪಾರದ ಗುಟ್ಟು, ಮುಚ್ಚಿಟ್ಕೊಳ್ಳಲಿ. ಆದ್ರೆ ಡೋಸಿಗೆ ಎಷ್ಟು ಕೊಟ್ವಿ, ಮುಂಗಡ ಎಷ್ಟು, ಹೇಳಿದ ಟೈಮಿಗೆ ಬರದಿದ್ರೆ ಏನು ಗತಿ, ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ ಪರಿಹಾರ ಕೊಡೋದು ಯಾರು, ಇದ್ಯಾವುದೂ ಫಾರ್ಮುಲಾ ಅಲ್ವಲ್ಲ ಸ್ವಾಮಿ, ಇದು ಬಿಲ್ಲು.

ಯುರೋಪಿಯನ್ ಯೂನಿಯನ್ ಕಥೆ ನೋಡಿ. 2020ರ ಆಗಸ್ಟಲ್ಲಿ ಆಸ್ಟ್ರಾಜೆನೆಕಾ ಅನ್ನೋ ಔಷಧಿ ಕಂಪನಿ ಜೊತೆ 30 ಕೋಟಿ ಡೋಸ್ ಕೋವಿಡ್ ಲಸಿಕೆಗೆ ಒಪ್ಪಂದ ಆಯ್ತು, ಮುಂಗಡ 33.6 ಕೋಟಿ ಯೂರೋ, ರೇಟು ಮಾತ್ರ ಯಾರೂ ಬಾಯಿಬಿಡೋ ಹಾಗಿಲ್ಲ. ಡಿಸೆಂಬರಲ್ಲಿ ಬೆಲ್ಜಿಯಂನ ಬಜೆಟ್ ಖಾತೆ ನೋಡ್ಕೊಳ್ತಿದ್ದ ಎವಾ ಡೆ ಬ್ಲೇಕರ್ ಎಲ್ಲಾ ಕಂಪನಿಗಳ ರೇಟಿನ ಪಟ್ಟಿಯನ್ನ ಟ್ವೀಟ್ ಮಾಡಿಬಿಟ್ರು, ಆಮೇಲೆ ಅಳಿಸಿದ್ರು, ಅಷ್ಟರಲ್ಲಿ ಊರೆಲ್ಲ ನೋಡಾಗಿತ್ತು. ಅದರಲ್ಲಿ ಆಸ್ಟ್ರಾಜೆನೆಕಾ ರೇಟು ಡೋಸಿಗೆ 1.78 ಯೂರೋ. 2021ರ ಜನವರಿ 29ಕ್ಕೆ ಒಪ್ಪಂದ ಪ್ರಕಟ ಮಾಡಿದ್ರು, ಅಲ್ಲಲ್ಲಿ ಕಪ್ಪು ಪಟ್ಟಿ ಬಳಿದು. ತಮಾಷೆ ಏನಂದ್ರೆ ಪಿಡಿಎಫ್‌ನ ಪಕ್ಕದ ಬುಕ್‌ಮಾರ್ಕ್ ತೆಗೆದ್ರೆ ಪಟ್ಟಿ ಕೆಳಗಿದ್ದ ಸಾಲುಗಳು ಸಲೀಸಾಗಿ ಕಾಣ್ತಿದ್ವು, ಒಟ್ಟು ಖರ್ಚು ಸುಮಾರು 87 ಕೋಟಿ ಯೂರೋ ಅನ್ನೋದೂ ಸೇರಿ. ಈಗ ಪೆನ್ನು ತಗೊಳ್ಳಿ. 87 ಕೋಟಿಯನ್ನ 30 ಕೋಟಿ ಡೋಸಿಗೆ ಭಾಗಿಸಿದ್ರೆ 2.90. ಮುಂಗಡವನ್ನ ಅದೇ ಥರ ಹಂಚಿದ್ರೆ 1.12. ಅದಕ್ಕೆ ಟ್ವೀಟಿನ 1.78 ಕೂಡಿಸಿ, ಅದೇ 2.90! ಅಂದ್ರೆ ರೇಟಿನ ಪಟ್ಟಿ ಒಂದನ್ನೇ ನೋಡಿದ್ರೆ ಜನ ಕೊಟ್ಟಿದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಲೆಕ್ಕಕ್ಕೇ ಸಿಗಲ್ಲ. ಇದರಲ್ಲಿ ಯಾವ ವೈರಾಣುವಿನ ಗುಟ್ಟು ಅಡಗಿತ್ತು ಹೇಳಿ.

ಇಷ್ಟಕ್ಕೂ ಆ ಒಪ್ಪಂದ ಹೊರಗೆ ಬಂದಿದ್ದೇ ಜಗಳದಿಂದ. 2021ರ ಮೊದಲ ಮೂರು ತಿಂಗಳಿಗೆ ಹೇಳಿದ್ದಷ್ಟು ಕೊಡೋಕಾಗಲ್ಲ ಅಂತ ಕಂಪನಿ ಕೈ ಎತ್ತಿತು, ನಾವು ಮಾತು ಕೊಟ್ಟಿಲ್ಲ, ಕೈಲಾದಷ್ಟು ಪ್ರಯತ್ನ ಮಾಡ್ತೀವಿ ಅಂದಿದ್ವಿ ಅಷ್ಟೇ ಅಂತ ಅದರ ಮುಖ್ಯಸ್ಥ ಪಾಸ್ಕಲ್ ಸೊರಿಯೊ ವಾದ. ಕಾಗದ ತೆಗೆದು ನೋಡಿದ್ರೆ ಆ ಪದಗಳು ಇದ್ದದ್ದು ನಿಜವೇ! ಅವಕ್ಕೆ ಏನರ್ಥ ಅಂತ ಬ್ರಸೆಲ್ಸ್ ಕೋರ್ಟಿನವರೆಗೂ ಹೋಯ್ತು.

ಸೌತ್ ಆಫ್ರಿಕಾದ್ದು ಇನ್ನೂ ಬೇಜಾರಿನ ವಿಷ್ಯ. ಅದೇ ಆಸ್ಟ್ರಾಜೆನೆಕಾ ಲಸಿಕೆಗೆ ಅವರು ಡೋಸಿಗೆ 5 ಡಾಲರ್ ಚಿಲ್ಲರೆ ಕೊಟ್ರು. ಯಾಕೆ ಅಂದ್ರೆ ಶ್ರೀಮಂತ ದೇಶಗಳು ಸಂಶೋಧನೆಗೆ ದುಡ್ಡು ಹಾಕಿವೆ, ಅದಕ್ಕೇ ಅವರಿಗೆ ಡಿಸ್ಕೌಂಟ್ ಅಂತ ತಮಗೆ ಹೇಳಿದ್ರು ಅಂತ ಅಲ್ಲಿನ ಆರೋಗ್ಯ ಅಧಿಕಾರಿಯೇ ಹೇಳಿದ್ರು. ನೋಡಿದ್ರಾ, ರೇಟು ಹೇಳುವಾಗ ಜನರ ದುಡ್ಡು ಬಂಡವಾಳ, ಕಾಗದ ತೋರ್ಸಿ ಅಂದಾಗ ಮಾತ್ರ ಅದು ಖಾಸಗಿ ವ್ಯವಹಾರ. ಜಾನ್ಸನ್ ಅಂಡ್ ಜಾನ್ಸನ್ ಒಪ್ಪಂದದಲ್ಲಂತೂ ಲಸಿಕೆ ರಫ್ತು ತಡೆಯೋ ಹಾಗಿಲ್ಲ ಅನ್ನೋ ಷರತ್ತಿಗೆ ಸರ್ಕಾರ ಸಹಿ ಹಾಕಿತ್ತು. ಆ ದೇಶದ್ದೇ ಆಸ್ಪೆನ್ ಕಾರ್ಖಾನೆಯಲ್ಲಿ ಬಾಟಲಿಗೆ ತುಂಬಿದ ಡೋಸುಗಳು 2021ರಲ್ಲಿ ಯುರೋಪಿಗೆ ಹೋದ್ವು, ಸೌತ್ ಆಫ್ರಿಕಾದವರು ಮಾತ್ರ ಲಸಿಕೆಗೆ ಕಾಯ್ತಾ ಇದ್ರು. ಹೆಲ್ತ್ ಜಸ್ಟೀಸ್ ಇನಿಷಿಯೇಟಿವ್ ಅನ್ನೋ ಸಂಸ್ಥೆ ಕೋರ್ಟಿಗೆ ಹೋಗಿ, 2023ರ ಆಗಸ್ಟಲ್ಲಿ ಪ್ರಿಟೋರಿಯಾ ಹೈಕೋರ್ಟು ಹತ್ತು ದಿನದಲ್ಲಿ ಎಲ್ಲಾ ಒಪ್ಪಂದ ಕೊಡಿ ಅಂತು, ಗೌಪ್ಯತೆಗೆ ಸಹಿ ಮಾಡಿದ್ದೀವಿ ಅನ್ನೋ ಸರ್ಕಾರದ ನೆಪ ನಡೀಲಿಲ್ಲ. 2024ರ ಜುಲೈಯಲ್ಲಿ ಯುರೋಪಿನ ಜನರಲ್ ಕೋರ್ಟೂ ಹೆಚ್ಚುಕಮ್ಮಿ ಅದೇ ದಾರಿ ಹಿಡೀತು. ನಮ್ಮ ಆರ್‌ಟಿಐ ಕಾಯ್ದೆಯ 8(1)(ಡಿ) ಕಲಂ ಕೂಡ ವ್ಯಾಪಾರದ ಗುಟ್ಟಿಗೆ ರಕ್ಷಣೆ ಕೊಟ್ಟು, ಜನರ ಹಿತ ದೊಡ್ಡದಾದ್ರೆ ಕೊಡಿ ಅಂತಾನೂ ಹೇಳುತ್ತೆ.

ಕಂಪನಿಗಳು ಓಡಿಹೋಗ್ತಾವೆ ಅಂದ್ರಲ್ಲ. ಯುರೋಪಿನ ಆ ಕಾಗದ ಬೀದಿಗೆ ಬಂದಿದ್ದು ಜನವರೀಲಿ, ಮೇ ತಿಂಗಳಲ್ಲಿ ಫೈಜರ್ ಬಂದು ಅದೇ ಯೂನಿಯನ್ ಜೊತೆ 180 ಕೋಟಿ ಡೋಸಿನವರೆಗೆ ಒಪ್ಪಂದ ಮಾಡ್ಕೊಂಡ್ತು. ಮುಂಗಡ ಕೊಟ್ಟು, ಕೇಸಾದ್ರೆ ನಷ್ಟ ನಾವು ತುಂಬ್ತೀವಿ ಅನ್ನೋ ಗಿರಾಕಿಯನ್ನ ಯಾರು ಬಿಡ್ತಾರೆ?

ಇನ್ನು ಪ್ರಿಂಟಿಂಗ್ ರೇಟು. ನೀವು ಚಂದಾದಾರರು, ನಿಮ್ಮ ದುಡ್ಡಲ್ಲೇ ಈ ಪತ್ರಿಕೆ ನಡೆಯೋದು, ಕೇಳಿದ್ದು ಸರಿಯಾಗೇ ಇದೆ. ಪ್ರೆಸ್ಸಿನವರನ್ನ ವಿಚಾರಿಸಿದೆ. ರೇಟು ಧಾರಾಳವಾಗಿ ಹಾಕಿ, ಇಂಕು ಹೇಗೆ ಮಿಕ್ಸ್ ಮಾಡ್ತೀವಿ ಅನ್ನೋದು ಮಾತ್ರ ಬರೀಬೇಡಿ ಅಂದ್ರು. ಮುಂದಿನ ಸಂಚಿಕೆ ಎರಡನೇ ಪುಟದಲ್ಲಿ ನೋಡ್ಕೊಳ್ಳಿ.

ಸಂ.