ಗಂಡೆಂದು ತಂದ ಗಿಳಿ ಮೊಟ್ಟೆಯಿಟ್ಟರೆ

ಪ್ರಶ್ನೆ: ಎರಡು ವರ್ಷಗಳ ಹಿಂದೆ ಮಗಳ ಹಟಕ್ಕೆ ಮಣಿದು ಹಳದಿ ಬಣ್ಣದ ಕಾಕಟೀಲ್ ಗಿಳಿಯೊಂದನ್ನು ತಂದೆವು. ಅಂಗಡಿಯವರು ಗಂಡೆಂದು ಹೇಳಿದ್ದರಿಂದ ರಾಜ ಎಂದು ಹೆಸರಿಟ್ಟೆವು. ಈ ದಸರೆಯಲ್ಲಿ ರಾಜ ಸೋಫಾದ ಅಡಿಯಲ್ಲಿ ಮೊಟ್ಟೆಯಿಟ್ಟಿತು. ದೇವರ ಕೋಣೆಗೆ ಹತ್ತಿರದಲ್ಲೇ ಮೊಟ್ಟೆ ಇರಬಾರದೆಂದು ನಮ್ಮ ಅತ್ತೆಯವರು ಅದನ್ನು ಕಾಗದದಲ್ಲಿ ಎತ್ತಿ ಹೊರಗೆ ಹಾಕಿಸಿದರು. ದಿನ ಬಿಟ್ಟು ದಿನ ಇನ್ನೊಂದು, ಮತ್ತೊಂದು. ದೀಪಾವಳಿ ಮುಗಿಯುವಷ್ಟರಲ್ಲಿ ಒಂಬತ್ತಾದವು. ಹಕ್ಕಿ ಸೊರಗಿದೆ. ಅಂಗಡಿಯವರು ಗಂಡೊಂದನ್ನು ಜೊತೆಗೆ ತನ್ನಿ, ಸರಿಹೋಗುತ್ತದೆ ಎನ್ನುತ್ತಾರೆ. ನೆರೆಮನೆಯವರು ಎಲೆಗೆ ಹಚ್ಚುವ ಸುಣ್ಣವನ್ನು ನೀರಿನಲ್ಲಿ ಕಲಸಿ ಕುಡಿಸಿ ಎನ್ನುತ್ತಾರೆ. ಏನು ಮಾಡಲಿ?
ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೊದಲಿಗೆ, ಸುಣ್ಣವನ್ನು ಖಂಡಿತ ಕುಡಿಸಬೇಡಿ. ಅದು ಹಕ್ಕಿಯ ಬಾಯಿ, ಗಂಟಲುಗಳನ್ನು ಸುಡುತ್ತದೆ. ಗಂಡನ್ನೂ ತರಬೇಡಿ. ಗಂಡಿಲ್ಲದ ಕೊರಗಿನಿಂದ ಈ ಹಕ್ಕಿ ಮೊಟ್ಟೆಯಿಡುತ್ತಿಲ್ಲ. ಜೊತೆ ಸಿಕ್ಕಿದರೆ ಮೊಟ್ಟೆ ನಿಲ್ಲುವ ಬದಲು ಮರಿಗಳೂ ಆದಾವು, ಆ ಮರಿಗಳಿಗೆ ಗಿರಾಕಿ ಹುಡುಕಿಕೊಡುವವರೂ ಅದೇ ಅಂಗಡಿಯವರೇ ಆದಾರು.

ಗಂಡೆಂದು ನಂಬಿದ್ದಕ್ಕೆ ನಿಮ್ಮನ್ನು ದೂರುವಂತಿಲ್ಲ. ಬೂದು ಬಣ್ಣದ ಕಾಕಟೀಲ್‌ಗಳಲ್ಲಿ ಮೊದಲ ಬಾರಿ ಗರಿ ಉದುರಿ ಹೊಸದು ಬಂದ ಮೇಲೆ ಗಂಡಿನ ಮುಖ ಹಳದಿಯಾಗುತ್ತದೆ. ಹೆಣ್ಣಿನ ಮುಖ ಮಂಕಾಗಿಯೇ ಉಳಿದು, ಬಾಲದ ಕೆಳಭಾಗದಲ್ಲಿ ಅಡ್ಡಪಟ್ಟೆಗಳು ಕಾಣುತ್ತವೆ. ನಿಮ್ಮದು ಲುಟಿನೊ ಎಂಬ ಪೂರ್ಣ ಹಳದಿಯ ಬಗೆ. ಅದರಲ್ಲಿ ಈ ಪಟ್ಟೆಗಳು ಬೆಳಕಿಗೆ ಹಿಡಿದು ನೋಡಿದರಷ್ಟೇ ಮಸುಕಾಗಿ ಕಾಣುವಂಥವು. ಹೆಸರನ್ನು ಬದಲಿಸುವ ಅಗತ್ಯವಿಲ್ಲ. ಎರಡು ವರ್ಷ ಆ ಹೆಸರಿಗೆ ಓಗೊಟ್ಟ ಹಕ್ಕಿಗೆ ಅದರ ಲಿಂಗ ಯಾವುದೆಂದು ತಿಳಿಯದು.

ಕೋಳಿಫಾರಂಗಳ ಕೋಳಿಗಳಂತೆಯೇ ಗಿಳಿಗಳೂ ಗಂಡಿನ ಸಂಪರ್ಕವಿಲ್ಲದೆ ಮೊಟ್ಟೆಯಿಡಬಲ್ಲವು. ಅಂಥ ಮೊಟ್ಟೆಗೆ ಎಷ್ಟು ಕಾವು ಕೊಟ್ಟರೂ ಮರಿಯಾಗದು. ಇಡಲು ಏನು ಕಾರಣ ಎಂಬುದು ತಿಳಿದರೆ ಉಪಾಯವೂ ತಾನಾಗಿ ಹೊಳೆಯುತ್ತದೆ. ಕಾಕಟೀಲ್ ಆಸ್ಟ್ರೇಲಿಯಾದ ಒಣ ಒಳನಾಡಿನ ಹಕ್ಕಿ. ಅಲ್ಲಿ ಮಳೆ ಬಿದ್ದು ಹುಲ್ಲು ಕಾಳುಗಟ್ಟಿದಾಗ ಮಾತ್ರ ಅದು ಸಂಸಾರ ಹೂಡುತ್ತದೆ. ದೀರ್ಘವಾದ ಹಗಲು, ಹೇರಳವಾದ ಆಹಾರ, ಕತ್ತಲೆಯ ಪೊಟರೆ, ಸಂಗಾತಿಯ ಸ್ಪರ್ಶ, ಇಷ್ಟು ಕೂಡಿದರೆ ಅದರ ಮೈ ಮೊಟ್ಟೆಗೆ ಸಿದ್ಧವಾಗುತ್ತದೆ. ನಿಮ್ಮ ಪತ್ರದ ಉಳಿದ ಭಾಗವನ್ನು ಇಲ್ಲಿ ಅಚ್ಚು ಹಾಕಿಲ್ಲ; ಮಗಳು ಹನ್ನೆರಡನೆಯ ತರಗತಿಯ ಓದಿಗಾಗಿ ರಾತ್ರಿ ಹನ್ನೆರಡರವರೆಗೆ ಹಾಲ್‌ನಲ್ಲಿ ದೀಪ ಉರಿಸುತ್ತಾಳೆ, ಹಕ್ಕಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆನ್ನು ಸವರುತ್ತಾಳೆ, ಬಟ್ಟಲಲ್ಲಿ ಸೂರ್ಯಕಾಂತಿ ಬೀಜ ಎಂದೂ ಬರಿದಾಗದು, ಬೆಳಿಗ್ಗೆ ಬಿಸಿಬಿಸಿ ಅನ್ನವೂ ಸಿಗುತ್ತದೆ ಎಂದು ಬರೆದಿದ್ದೀರಿ. ಅಂದರೆ ನಿಮ್ಮ ಹಾಲ್‌ನಲ್ಲಿ ವರ್ಷವಿಡೀ ಸುಗ್ಗಿ. ಸೋಫಾದ ಅಡಿಯೇ ಪೊಟರೆ, ಮಗಳೇ ಸಂಗಾತಿ. ಹಕ್ಕಿಗೆ ರೋಗವೇನೂ ಇಲ್ಲ, ಮನೆ ಹೇಳಿದ್ದನ್ನು ಅದು ಕೇಳಿದೆ.

ಇನ್ನು ನಿಮ್ಮ ಅತ್ತೆಯವರ ವಿಷಯ. ಅವರಿಗೆ ನೋವಾಗದಂತೆ ಇದನ್ನು ತಿಳಿಸಬೇಕಾಗಿದೆ: ಒಂಬತ್ತು ಮೊಟ್ಟೆಗಳಾಗಲು ಮುಖ್ಯ ಕಾರಣ ಅವುಗಳನ್ನು ಎತ್ತಿ ಹಾಕಿದ್ದೇ. ಕಾಕಟೀಲ್ ಸಾಮಾನ್ಯವಾಗಿ ದಿನ ಬಿಟ್ಟು ದಿನದಂತೆ ನಾಲ್ಕರಿಂದ ಏಳು ಮೊಟ್ಟೆಗಳನ್ನಿಟ್ಟು, ಹೊಟ್ಟೆಯಡಿ ಸಾಕಷ್ಟಾದವು ಎನಿಸಿದಾಗ ನಿಲ್ಲಿಸಿ ಕಾವಿಗೆ ಕೂರುತ್ತದೆ. ಇಟ್ಟದ್ದು ಮಾಯವಾಗುತ್ತಾ ಹೋದರೆ ಅದರ ಲೆಕ್ಕ ಎಂದೂ ಭರ್ತಿಯಾಗುವುದಿಲ್ಲ. ಸುಮಾರು 90 ಗ್ರಾಂ ತೂಗುವ ಹಕ್ಕಿ, 5 ಗ್ರಾಂ ಆಸುಪಾಸಿನ ಮೊಟ್ಟೆ. ಒಂಬತ್ತೆಂದರೆ ತನ್ನ ತೂಕದ ಅರ್ಧದಷ್ಟನ್ನು ಅದು ಮೂರು ವಾರಗಳಲ್ಲಿ ಮೈಯಿಂದ ತೆಗೆದು ಕೊಟ್ಟಿದೆ. ಸೊರಗದೆ ಇನ್ನೇನಾದೀತು?

ಆದ್ದರಿಂದ ಇನ್ನು ಮುಂದೆ ಇಟ್ಟ ಮೊಟ್ಟೆಯನ್ನು ಅದರ ಬಳಿಯೇ ಬಿಡಿ. ಮನೆಯಲ್ಲಿ ನಿಜವಾದ ಮೊಟ್ಟೆ ಬೇಡವೆಂದಾದರೆ ಅದೇ ಗಾತ್ರದ ಪ್ಲಾಸ್ಟಿಕ್ ಅಥವಾ ಮರದ ಹುಸಿ ಮೊಟ್ಟೆಗಳು ಸಿಗುತ್ತವೆ. ನಾಲ್ಕೈದನ್ನು ತಂದು ಪಂಜರದ ನೆಲದ ಮೂಲೆಯಲ್ಲಿಟ್ಟು, ನಿಜವಾದುದನ್ನು ಸದ್ದಿಲ್ಲದೆ ತೆಗೆಯಬಹುದು. ಇದಕ್ಕೆ ಅತ್ತೆಯವರೂ ಒಪ್ಪಿಯಾರು. ಹಕ್ಕಿ ಸುಮಾರು ಮೂರು ವಾರ ಕಾವು ಕೊಟ್ಟು, ಏನೂ ಆಗದಿರುವುದನ್ನು ಕಂಡು ತಾನೇ ಬೇಸತ್ತು ಎದ್ದುಹೋಗುತ್ತದೆ. ಅದು ಎರಡು ಮೂರು ದಿನ ಅತ್ತ ಸುಳಿಯದಿದ್ದರೆ ಎಲ್ಲವನ್ನೂ ಒಮ್ಮೆಗೇ ತೆಗೆದುಬಿಡಿ. ಕಾವಿನ ದಿನಗಳಲ್ಲಿ ಅದು ಹಿಕ್ಕೆಯನ್ನು ಬಹಳ ಹೊತ್ತು ತಡೆದಿಟ್ಟುಕೊಂಡು ಒಂದೇ ಸಲ ದೊಡ್ಡದಾಗಿ, ಮೂಗು ಮುಚ್ಚಿಕೊಳ್ಳುವಷ್ಟು ವಾಸನೆಯೊಂದಿಗೆ ಹಾಕುತ್ತದೆ. ಅದಕ್ಕೆ ಗಾಬರಿಯಾಗಬೇಕಿಲ್ಲ.

ಮನೆಯ ಏರ್ಪಾಡನ್ನು ಇಂದಿನಿಂದಲೇ ಬದಲಿಸಿ. ಎಲ್ಲಕ್ಕಿಂತ ಮುಖ್ಯವಾದುದು ಕತ್ತಲೆ. ಸಂಜೆ ಆರೂವರೆ ಏಳರ ಹೊತ್ತಿಗೆ ಪಂಜರವನ್ನು ದೀಪವೂ ಟೀವಿಯೂ ಇಲ್ಲದ ಕೋಣೆಗೆ ಒಯ್ದು, ಗಾಳಿಯಾಡುವಂತೆ ಬಟ್ಟೆ ಹೊದಿಸಿ, ಬೆಳಿಗ್ಗೆ ಏಳರವರೆಗೆ ಹಾಗೆಯೇ ಬಿಡಿ. ದೀಪ ಉರಿಯುವ ಹಾಲ್‌ನಲ್ಲೇ ಇಟ್ಟು ಬಟ್ಟೆ ಹೊದಿಸಿದರೆ ಉಪಯೋಗವಿಲ್ಲ. ಸದ್ದಿಗೂ ಸಂದಿಯ ಬೆಳಕಿಗೂ ಅದು ಎಚ್ಚರವಾಗಿಯೇ ಇರುತ್ತದೆ. ನಮ್ಮ ಒಂದೂವರೆ ಕೋಣೆಯ ಸಂಸಾರಗಳಲ್ಲಿ ಇದು ಹೇಳಿದಷ್ಟು ಸುಲಭವಲ್ಲ ಎಂಬುದು ನನಗೂ ಗೊತ್ತು. ಅಡುಗೆ ಮುಗಿದ ಮೇಲೆ ಅಡುಗೆಮನೆಯಲ್ಲಿ ಪಂಜರವನ್ನಿಡುವವರಿದ್ದಾರೆ, ಆದರೆ ಅಲ್ಲಿ ರಾತ್ರಿ ಅನಿಲದ ಒಲೆಯಾಗಲಿ ನಾನ್‌ಸ್ಟಿಕ್ ಬಾಣಲೆಯಾಗಲಿ ಕಾಯಕೂಡದು, ಅತಿಯಾಗಿ ಕಾದ ನಾನ್‌ಸ್ಟಿಕ್ ಲೇಪದ ಹೊಗೆ ಹಕ್ಕಿಗಳಿಗೆ ಪ್ರಾಣಾಂತಿಕ. ಸೋಫಾದ ಅಡಿಯನ್ನು ರಟ್ಟಿನಿಂದ ಮುಚ್ಚಿ. ಪಂಜರದೊಳಗಿನ ಕನ್ನಡಿ, ಬಟ್ಟೆಯ ಗುಡಿಸಲು, ಹರಿದ ಕಾಗದಗಳನ್ನು ತೆಗೆಯಿರಿ. ಬಿಸಿ ಅನ್ನ, ನೆನೆಸಿದ ಅವಲಕ್ಕಿಯಂಥ ಮೆತ್ತಗಿನ ತಿನಿಸನ್ನು ಕೆಲವು ವಾರ ನಿಲ್ಲಿಸಿ, ಏಕೆಂದರೆ ಗಂಡು ಹಕ್ಕಿ ಹೆಣ್ಣಿಗೆ ಉಣಿಸುವುದೂ ಹಾಗೆಯೇ ಬೆಚ್ಚಗೆ, ಮೆತ್ತಗೆ. ಮಗಳಿಗೆ ಹೇಳಿ, ತಲೆ ಮತ್ತು ಕತ್ತನ್ನು ಮಾತ್ರ ನೇವರಿಸಲಿ. ಬೆನ್ನು, ರೆಕ್ಕೆಯಡಿ, ಬಾಲದ ಬುಡಗಳನ್ನು ಮುಟ್ಟುವುದು ಹಕ್ಕಿಯ ಭಾಷೆಯಲ್ಲಿ ಬೇರೆಯೇ ಅರ್ಥ ಕೊಡುತ್ತದೆ.

ಈಗ ಕ್ಯಾಲ್ಸಿಯಂ. ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಅನ್ನು ಹೆಣ್ಣು ಹಕ್ಕಿ ಮುಂಚಿತವಾಗಿಯೇ ತನ್ನ ಉದ್ದ ಮೂಳೆಗಳ ಒಳಗೆ ಕೂಡಿಟ್ಟುಕೊಂಡಿರುತ್ತದೆ. ಆಹಾರದಲ್ಲಿ ಅದು ಮರಳಿ ಸಿಗದಿದ್ದರೆ ಮೂಳೆಯೇ ಕರಗುತ್ತಾ ಹೋಗುತ್ತದೆ. ಸೂರ್ಯಕಾಂತಿ ಬೀಜ, ನವಣೆಗಳಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ಎ ಜೀವಸತ್ವವೂ ಕಡಿಮೆ. ಬೀಜವನ್ನೇ ನಂಬಿದ ಹಕ್ಕಿಗಳು ಮೊಟ್ಟೆಯ ಕಾಲದಲ್ಲಿ ಕುಸಿಯುವುದು ಇದರಿಂದಲೇ. ಪಂಜರದಲ್ಲಿ ಕಟಲ್‌ಬೋನ್ ತೂಗುಹಾಕಿ. ಅದು ಮಸಿ ಉಗುಳುವ ಸಮುದ್ರಜೀವಿಯೊಂದರ ಒಳಚಿಪ್ಪು. ಅದೂ ಮನೆಯಲ್ಲಿ ನಿಷಿದ್ಧವೆಂದಾದರೆ ಖನಿಜದ ಬಿಲ್ಲೆ ಸಿಗುತ್ತದೆ. ಮೆಂತ್ಯದ ಸೊಪ್ಪು ಮತ್ತು ಇಲ್ಲಿನ ಮಾರುಕಟ್ಟೆಯಲ್ಲಿ ಶೇವಗಾ ಎಂದು ಕೇಳಿದರೆ ಕೊಡುವ ನುಗ್ಗೆಯ ಸೊಪ್ಪು ಉತ್ತಮ. ಪಾಲಕ್‌ನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಮೈಗೆ ಹತ್ತಗೊಡುವುದಿಲ್ಲವಾದ್ದರಿಂದ ಅದನ್ನು ನೆಚ್ಚಬೇಡಿ. ಸೂರ್ಯಕಾಂತಿ ಬೀಜವನ್ನು ಮಾತ್ರ ಒಂದೇ ದಿನಕ್ಕೆ ನಿಲ್ಲಿಸದೆ ದಿನೇದಿನೇ ಇಳಿಸುತ್ತಾ ಬನ್ನಿ. ಹೊಸ ಆಹಾರವನ್ನು ಮುಟ್ಟದೆ ಉಪವಾಸ ಬೀಳುವ ಹಕ್ಕಿಗಳಿವೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ದಿನವೂ ಬೆಳಿಗ್ಗೆ ತೂಗಿ ಬರೆದಿಡಿ.

ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ಜೀವಸತ್ವ ಬೇಕು, ಅದಕ್ಕೆ ಬಿಸಿಲು ಬೇಕು. ಗಾಜಿನ ಕಿಟಕಿಯ ಮೂಲಕ ಬೀಳುವ ಬಿಸಿಲಿನಿಂದ ಆ ಪ್ರಯೋಜನವಿಲ್ಲ, ಬೇಕಾದ ಕಿರಣಗಳನ್ನು ಗಾಜು ತಡೆಯುತ್ತದೆ. ಬೆಳಗಿನ ಎಳೆಬಿಸಿಲಿನಲ್ಲಿ ಕಾಲು ಗಂಟೆ ಪಂಜರವನ್ನು ಬಾಲ್ಕನಿಯಲ್ಲಿಟ್ಟು, ಅರ್ಧ ಭಾಗಕ್ಕೆ ನೆರಳು ಮಾಡಿ, ನೀವು ಅಲ್ಲಿಯೇ ಕುಳಿತಿರಿ. ಡೊಂಬಿವಲಿಯ ಕಾಗೆಗಳಿಗೆ ಪಂಜರದ ಸರಳು ಅಷ್ಟೇನೂ ಅಡ್ಡಿಯಲ್ಲ. ಮನುಷ್ಯರ ಕ್ಯಾಲ್ಸಿಯಂ ಮಾತ್ರೆ, ಡಿ ಜೀವಸತ್ವದ ಹನಿಗಳನ್ನು ಅಂದಾಜಿನ ಮೇಲೆ ಕೊಡಬೇಡಿ; ಡಿ ಜೀವಸತ್ವ ಹೆಚ್ಚಾದರೂ ವಿಷವೇ.

ಒಂದು ಅಪಾಯವನ್ನು ಮಾತ್ರ ನೀವು ಗುರುತಿಸಲೇಬೇಕು. ಕಳೆದ ಮಳೆಗಾಲದಲ್ಲಿ ನನ್ನ ಬಳಿಗೆ ಬಂದ ಕಾಕಟೀಲ್ ಒಂದು ಗರಿ ಉಬ್ಬಿಸಿಕೊಂಡು ಡಬ್ಬಿಯ ತಳದಲ್ಲಿ ಕುಳಿತಿತ್ತು. ಪ್ರತಿ ಉಸಿರಿಗೂ ಬಾಲ ಪಂಪಿನ ಹಿಡಿಯಂತೆ ಮೇಲೆ ಕೆಳಗೆ ಆಡುತ್ತಿತ್ತು, ಒಂದು ಕಾಲು ಕೊಂಬೆಯನ್ನು ಹಿಡಿಯುತ್ತಿರಲಿಲ್ಲ. ಮೊಟ್ಟೆ ಒಳಗೆ ಸಿಕ್ಕಿಕೊಂಡು ಕಾಲಿನ ನರವನ್ನು ಒತ್ತುತ್ತಿತ್ತು. ಮನೆಯವರು ಹಿಂದಿನ ಸಂಜೆಯಿಂದ ಹರಳೆಣ್ಣೆ ಹಚ್ಚುತ್ತಾ, ಹೊಟ್ಟೆಯನ್ನು ಮೆಲ್ಲಗೆ ಒತ್ತುತ್ತಾ ಕಾದಿದ್ದರು. ಬೆಚ್ಚಗಿರಿಸಿ ಕ್ಯಾಲ್ಸಿಯಂ ಚುಚ್ಚುಮದ್ದು ಕೊಟ್ಟ ಮೂರು ಗಂಟೆಗಳ ಮೇಲೆ ಮೊಟ್ಟೆ ಹೊರಬಂದಿತು. ಅದರ ಚಿಪ್ಪು ಒದ್ದೆ ಕಾಗದದಂತೆ ಬೆರಳಿಗೆ ಒಳಸರಿಯುತ್ತಿತ್ತು. ಒತ್ತಿದಾಗ ಅದು ಒಳಗೇ ಒಡೆಯದಿದ್ದದ್ದು ಆ ಹಕ್ಕಿಯ ಪುಣ್ಯ.

ಆದ್ದರಿಂದ ರಾಜ ಉಬ್ಬಿಕೊಂಡು ಪಂಜರದ ನೆಲದಲ್ಲಿ ಕುಳಿತರೆ, ಮುಕ್ಕಿರಿದರೂ ಏನೂ ಬಾರದಿದ್ದರೆ, ಹಿಕ್ಕೆ ನಿಂತರೆ, ಕಾಲು ಸೋತರೆ, ಬೆಳಗಾಗಲಿ ಎಂದು ಕಾಯಬೇಡಿ. ಎಣ್ಣೆ ಬೇಡ, ಒತ್ತುವುದು ಬೇಡ. ರಟ್ಟಿನ ಪೆಟ್ಟಿಗೆಗೆ ಟವೆಲ್ ಹಾಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದು ಬದಿಗಿಟ್ಟು, ಹಕ್ಕಿಗಳನ್ನು ನೋಡುವ ವೈದ್ಯರಲ್ಲಿಗೆ ಒಯ್ಯಿರಿ. ನಾಯಿ ಬೆಕ್ಕುಗಳ ಎಲ್ಲ ವೈದ್ಯರೂ ಹಕ್ಕಿಗಳನ್ನು ನೋಡುವುದಿಲ್ಲವಾದ್ದರಿಂದ ಹತ್ತಿರದಲ್ಲಿ ಯಾರಿದ್ದಾರೆಂದು ಈಗಲೇ ವಿಚಾರಿಸಿ ನಂಬರನ್ನು ಗೋಡೆಗೆ ಅಂಟಿಸಿಡಿ. ಮುಂಬಯಿಯ ಪರೇಲಿನಲ್ಲಿ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯಿದೆ. ಡೊಂಬಿವಲಿಯಿಂದ ಲೋಕಲ್ ಬದಲಿಸದೆಯೇ ತಲುಪಬಹುದು, ಆದರೆ ಹೊರಡುವ ಮುನ್ನ ಫೋನ್ ಮಾಡಿ.

ಇಷ್ಟೆಲ್ಲ ಮಾಡಿಯೂ ಮೊಟ್ಟೆ ನಿಲ್ಲದಿದ್ದರೆ ಹಾರ್ಮೋನನ್ನು ತಗ್ಗಿಸುವ ಲ್ಯುಪ್ರೊಲೈಡ್ ಚುಚ್ಚುಮದ್ದು ಅಥವಾ ಚರ್ಮದಡಿ ಇಡುವ ಡೆಸ್ಲೊರೆಲಿನ್ ಗುಳಿಗೆಯನ್ನು ವೈದ್ಯರು ಸೂಚಿಸಬಹುದು. ಅವುಗಳ ಪರಿಣಾಮ ಕೆಲವು ವಾರ ಅಥವಾ ತಿಂಗಳುಗಳದ್ದು, ಮನೆಯ ದೀಪ ಹನ್ನೆರಡರವರೆಗೆ ಉರಿಯುತ್ತಲೇ ಇದ್ದರೆ ಮತ್ತೆ ಮೊದಲಿನಂತೆಯೇ. ಅಂಡನಾಳ ತೆಗೆಯುವ ಶಸ್ತ್ರಚಿಕಿತ್ಸೆ ಇಷ್ಟು ಚಿಕ್ಕ ಹಕ್ಕಿಗೆ ಗಂಡಾಂತರದ್ದು, ಬೇರೆ ದಾರಿಯೇ ಇಲ್ಲದಾಗ ಮಾತ್ರ.

ಪ್ರಶ್ನೆ: ಜೋಡಿಯೆಂದು ಕೊಂಡ ನಮ್ಮ ಲವ್‌ಬರ್ಡ್‌ಗಳ ಮಡಕೆಯಲ್ಲಿ ಹತ್ತು ಮೊಟ್ಟೆಗಳಿವೆ, ಒಂದೂ ಮರಿಯಾಗಿಲ್ಲ. ಎರಡೂ ವೃತ್ತಪತ್ರಿಕೆಯನ್ನು ಪಟ್ಟಿಪಟ್ಟಿಯಾಗಿ ಸೀಳಿ ಬಾಲದ ಬಳಿಯ ಗರಿಗಳಿಗೆ ಸಿಕ್ಕಿಸಿಕೊಳ್ಳುತ್ತವೆ. ಇದು ಯಾವ ಚೇಷ್ಟೆ?
ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಚೇಷ್ಟೆಯಲ್ಲ, ಗೂಡಿನ ಸಾಮಾನು ಸಾಗಿಸುವುದು. ಗುಲಾಬಿ ಮುಖದ ಲವ್‌ಬರ್ಡ್ ಹೆಣ್ಣು ಗೂಡಿನ ಸೀಳುಗಳನ್ನು ಗರಿಗಳಲ್ಲಿ ಸಿಕ್ಕಿಸಿಕೊಂಡೇ ಒಯ್ಯುತ್ತದೆ. ಗಂಡು ಸಿಕ್ಕಿಸಲು ಹೋದರೂ ಆ ಕೆಲಸ ಅದಕ್ಕೆ ಅಷ್ಟಾಗಿ ಕೈಗೂಡದು. ಒಂದು ಹೆಣ್ಣು ಒಂದು ಸಲಕ್ಕೆ ನಾಲ್ಕರಿಂದ ಆರು ಇಡುವುದು ವಾಡಿಕೆಯಾದ್ದರಿಂದ, ಹತ್ತಿದ್ದರೆ ಎರಡೂ ಹೆಣ್ಣೆಂದೇ ನನ್ನ ಊಹೆ. ಗರಿಯ ಡಿಎನ್‌ಎ ಪರೀಕ್ಷೆಯಿಂದ ಖಚಿತವಾಗುತ್ತದೆ. ಕಾವು ಬಿಟ್ಟೆದ್ದ ಮೇಲೆ ಮೊಟ್ಟೆಗಳೊಂದಿಗೆ ಮಡಕೆಯನ್ನೂ ತೆಗೆದುಬಿಡಿ, ಪಂಜರದ ತಳಕ್ಕೆ ಹಾಸಿದ ಕಾಗದ ಕೊಕ್ಕಿಗೆ ಎಟುಕದಂತೆ ಜಾಲರಿ ಹಾಕಿ. ಉಳಿದ ಉಪಚಾರ ಮೇಲೆ ಹೇಳಿದಂತೆಯೇ.

ಪ್ರಶ್ನೆ: ಮರದಿಂದ ಬಿದ್ದ ಹಸಿರು ಗಿಳಿಮರಿಯೊಂದನ್ನು ನಾಲ್ಕು ವರ್ಷಗಳಿಂದ ಸಾಕಿದ್ದೇವೆ. ಕೊರಳಿಗೆ ಪಟ್ಟಿ ಬಂದಿಲ್ಲ. ಫೆಬ್ರವರಿಯಲ್ಲಿ ಎರಡು ಮೊಟ್ಟೆಯಿಟ್ಟಿದೆ. ಜೋಡಿ ತರಬಹುದೇ?
ಓದುಗರೊಬ್ಬರು, ವಾಸ್ಕೊ, ಗೋವಾ

ಉತ್ತರ: ತರುವಂತಿಲ್ಲ. ಪಟ್ಟಿಯಿಲ್ಲದಿರುವುದೂ ಮೊಟ್ಟೆಯೂ ಅದು ಹೆಣ್ಣೆಂದು ಸಾರುತ್ತವೆ, ಫೆಬ್ರವರಿ ನಮ್ಮ ಕಡೆ ಈ ಗಿಳಿಗಳು ಗೂಡು ಕಟ್ಟುವ ಕಾಲವೇ. ಆದರೆ ಕಾಕಟೀಲ್, ಲವ್‌ಬರ್ಡ್‌ಗಳು ವಿದೇಶದವು. ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕರುಣೆಯಿಂದ ಸಾಕಿದ್ದೀರಿ ಎಂಬುದನ್ನು ನಂಬುತ್ತೇನೆ, ಆದರೂ ಅರಣ್ಯ ಇಲಾಖೆಗೆ ತಿಳಿಸುವುದೇ ಸರಿಯಾದ ದಾರಿ. ಕಾನೂನಿಗೆ ಹೆದರಿ ಅದನ್ನು ಬಾಗಿಲು ತೆರೆದು ಹಾರಿಸಿಬಿಡಬೇಡಿ. ಕೈಯಲ್ಲಿ ಬೆಳೆದ ಹಕ್ಕಿ ಹೊರಗೆ ಆಹಾರ ಹುಡುಕಲಾರದು, ಹದ್ದು ಕಾಗೆಗಳಿಗೆ ತುತ್ತಾಗುತ್ತದೆ. ಇಲಾಖೆಯವರು ಬರುವವರೆಗೆ ಮೊಟ್ಟೆಗಳನ್ನು ಅದರ ಬಳಿಯೇ ಬಿಟ್ಟು, ಕಟಲ್‌ಬೋನ್ ಇಟ್ಟು, ಅದು ಮೊಟ್ಟೆಯಿಟ್ಟ ದಿನಾಂಕಗಳನ್ನೂ ತಿನ್ನುತ್ತಿದ್ದ ಆಹಾರವನ್ನೂ ಚೀಟಿಯಲ್ಲಿ ಬರೆದು ಹಕ್ಕಿಯ ಜೊತೆಗೇ ಒಪ್ಪಿಸಿ.